ನೆತ್ತಿಗೆ ಹತ್ತದ ತುತ್ತು

ಊಟದ ನಡುವೆ ಯಾರಿಗಾದರೂ ತಟ್ಟನೆ ಕೆಮ್ಮು ಬಂದರೆ "ನೆತ್ತಿಗೆ ಹತ್ತಿತು" ಎನ್ನುತ್ತೇವೆ. ಪಕ್ಕದಲ್ಲಿ ಕುಳಿತವರು ನೆತ್ತಿಯ ಮೇಲೆ ಮೆಲ್ಲಗೆ ತಟ್ಟುತ್ತಾರೆ, ಯಾರೋ ನೆನೆಸಿಕೊಳ್ಳುತ್ತಿದ್ದಾರೆ ಎಂದು ತಮಾಷೆ ಮಾಡುತ್ತಾರೆ, ನೀರಿನ ಲೋಟ ಮುಂದೆ ಬರುತ್ತದೆ. ತುತ್ತು ನೆತ್ತಿಗೇನೂ ಹತ್ತಿರುವುದಿಲ್ಲ. ಅನ್ನನಾಳಕ್ಕೆ ಇಳಿಯಬೇಕಾದದ್ದು ದಾರಿ ತಪ್ಪಿ ಶ್ವಾಸನಾಳದ ಬಾಗಿಲನ್ನು ತಾಗಿರುತ್ತದೆ, ಅಷ್ಟೆ. ಆ ಬಾಗಿಲ ಕಾವಲಿಗಿರುವ ನರಗಳು ಎಚ್ಚರಗೊಂಡು ಕೆಮ್ಮು ಎಬ್ಬಿಸುತ್ತವೆ, ಒಳನುಗ್ಗಿದ್ದು ಹೊರಗೆ ಬರುತ್ತದೆ. ಎರಡು ನಿಮಿಷದಲ್ಲಿ ಊಟ ಮುಂದುವರಿಯುತ್ತದೆ.

ನಮ್ಮ ದೊಡ್ಡಪ್ಪನಿಗೆ ಲಕ್ವ ಹೊಡೆದು ನಾಲ್ಕನೆಯ ದಿನ, ನೋಡಲು ಬಂದ ನಂಟರೊಬ್ಬರು ಪ್ರೀತಿಯಿಂದ ಅರ್ಧ ಲೋಟ ಕಾಫಿ ಕುಡಿಸಿದರು. ಒಂದು ಕೆಮ್ಮೂ ಬರಲಿಲ್ಲ. "ಸಲೀಸಾಗಿ ಇಳಿಯಿತು, ಇನ್ನೇನು ಭಯವಿಲ್ಲ" ಎಂದು ಎಲ್ಲರಿಗೂ ಸಮಾಧಾನವಾಯಿತು. ಮರುದಿನ ಜ್ವರ, ಎದೆಯಲ್ಲಿ ಗೊರಗೊರ ಸದ್ದು, ನ್ಯುಮೋನಿಯಾ. ಕಾಫಿಯ ಒಂದು ಪಾಲು ಹೊಟ್ಟೆಗೆ ಹೋಗಿತ್ತು, ಇನ್ನೊಂದು ಪಾಲು ಶ್ವಾಸಕೋಶಕ್ಕೆ. ಕಾವಲಿನ ನರಗಳೇ ಮಂಕಾಗಿದ್ದರಿಂದ ಕೆಮ್ಮು ಏಳಲೇ ಇಲ್ಲ. ವೈದ್ಯರು ಇದನ್ನು ಸದ್ದಿಲ್ಲದ ಒಳಸೋರಿಕೆ ಎಂದು ವಿವರಿಸಿದರು. ಪಾರ್ಶ್ವವಾಯುವಿನ ನಂತರ ಹೆದರಬೇಕಾದದ್ದು ನೆತ್ತಿಗೆ ಹತ್ತುವ ತುತ್ತಿಗಿಂತ ಹೆಚ್ಚಾಗಿ ನೆತ್ತಿಗೆ ಹತ್ತದೆಯೇ ತಪ್ಪು ದಾರಿ ಹಿಡಿಯುವ ತುತ್ತಿಗೆ ಎಂಬುದು ನಮ್ಮ ಮನೆಗೆ ತಿಳಿದದ್ದು ಹೀಗೆ.

ಇದು ಅಪರೂಪದ ತೊಂದರೆಯೇನೂ ಅಲ್ಲ. 2005ರಲ್ಲಿ ಪ್ರಕಟವಾದ, ಹಲವು ಅಧ್ಯಯನಗಳನ್ನು ಒಟ್ಟಿಗೆ ನೋಡಿದ ಒಂದು ಸಮೀಕ್ಷೆಯ ಪ್ರಕಾರ, ಮೇಲುಮೇಲಿನ ತಪಾಸಣೆಯಲ್ಲಿ ಶೇ 37ರಿಂದ 45ರಷ್ಟು ಪಾರ್ಶ್ವವಾಯು ರೋಗಿಗಳಲ್ಲಿ ನುಂಗುವ ತೊಂದರೆ ಕಂಡುಬರುತ್ತದೆ. ಎಕ್ಸ್‌ರೇಯಂಥ ಉಪಕರಣಗಳಿಂದ ನೋಡಿದರೆ ಅದು ಶೇ 64ರಿಂದ 78ಕ್ಕೆ ಏರುತ್ತದೆ. ಈ ಎರಡು ಅಂಕಿಗಳ ನಡುವಿನ ಅಂತರವನ್ನು ಗಮನಿಸಿ. ಕಣ್ಣಿಗೆ ಕಾಣದೆ, ಕಿವಿಗೆ ಕೇಳದೆ ನಡೆಯುವ ತಪ್ಪುಗಳೆಲ್ಲ ಅಲ್ಲಿ ಅಡಗಿವೆ. ಅದೇ ಸಮೀಕ್ಷೆಯಲ್ಲಿ, ನುಂಗುವ ತೊಂದರೆ ಇರುವವರಿಗೆ ನ್ಯುಮೋನಿಯಾದ ಅಪಾಯ ಮೂರು ಪಟ್ಟು, ಆಹಾರ ಶ್ವಾಸನಾಳಕ್ಕೆ ಸೋರುವುದು ಖಚಿತವಾದವರಿಗೆ ಸುಮಾರು 11 ಪಟ್ಟು ಎಂಬ ಲೆಕ್ಕವೂ ಇದೆ.

ಕೆಟ್ಟ ನುಂಗುವಿಕೆಯನ್ನು ಮರಳಿ ಕಲಿಸುವ ವ್ಯಾಯಾಮಗಳಿವೆ. ಅವುಗಳ ಮಾತಿಗೆ ಬರುವ ಮೊದಲು ಒಂದು ಸಣ್ಣ ಪ್ರಯೋಗ ಮಾಡಿ. ಎರಡು ಬೆರಳನ್ನು ಗಂಟಲಿನ ಮುಂಭಾಗದ ಗಂಟಿನ ಮೇಲೆ ಹಗುರವಾಗಿ ಇಟ್ಟು ಎಂಜಲು ನುಂಗಿ. ಗಂಟು ಮೇಲಕ್ಕೆ ಜಿಗಿದು ಮತ್ತೆ ಕೆಳಗಿಳಿಯುತ್ತದೆ. ಮುಂದೆ ಹೇಳುವ ವ್ಯಾಯಾಮಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಈ ಒಂದು ಜಿಗಿತದ ಸುತ್ತಲೇ ಇವೆ.

ಆ ಜಿಗಿತ ನಡೆಯುವ ಸುಮಾರು ಒಂದು ಸೆಕೆಂಡಿನಲ್ಲಿ ಒಳಗೆ ಏನೇನು ಆಗುತ್ತದೆ ನೋಡಿ. ನಾಲಿಗೆ ತುತ್ತನ್ನು ಅಂಗುಳಕ್ಕೆ ಒತ್ತಿ ಹಿಂದಕ್ಕೆ ತಳ್ಳುತ್ತದೆ. ಕಿರುನಾಲಿಗೆಯ ಭಾಗ ಮೇಲೆದ್ದು ಮೂಗಿನ ದಾರಿಯನ್ನು ಮುಚ್ಚುತ್ತದೆ. ಉಸಿರು ನಿಲ್ಲುತ್ತದೆ, ಧ್ವನಿತಂತುಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಗದ್ದದ ಕೆಳಗಿನ ಸ್ನಾಯುಗಳು ಕುದುರೆಲಾಳದ ಆಕಾರದ ಹಯಾಯ್ಡ್ ಮೂಳೆಯನ್ನೂ ಅದಕ್ಕೆ ತೂಗುಬಿದ್ದ ಧ್ವನಿಪೆಟ್ಟಿಗೆಯನ್ನೂ ಮೇಲಕ್ಕೆ, ಮುಂದಕ್ಕೆ ಎಳೆಯುತ್ತವೆ. ನಮ್ಮ ಬೆರಳಿಗೆ ಸಿಕ್ಕಿದ ಜಿಗಿತ ಇದೇ. ಧ್ವನಿಪೆಟ್ಟಿಗೆ ಹಾಗೆ ಮೇಲೇರಿ ನಾಲಿಗೆಯ ಬುಡದ ಮರೆಗೆ ಸೇರುವಾಗ ಅದರ ಮೇಲಿನ ಮುಚ್ಚಳ ಮಗುಚಿಕೊಳ್ಳುತ್ತದೆ. ಅದೇ ಎಳೆತಕ್ಕೆ, ಉಳಿದ ವೇಳೆಯೆಲ್ಲ ಬಿಗಿಯಾಗಿ ಮುಚ್ಚಿರುವ ಅನ್ನನಾಳದ ಬಾಯಿ ತೆರೆದುಕೊಳ್ಳುತ್ತದೆ. ನಾಲಿಗೆಯ ಬುಡ ಮತ್ತು ಗಂಟಲಿನ ಹಿಂಗೋಡೆ ತುತ್ತನ್ನು ಹಿಂಡಿ ಕೆಳಗಿಳಿಸುತ್ತವೆ. ಸುಮಾರು 30 ಜೊತೆ ಸ್ನಾಯುಗಳು, ಮಿದುಳಿನಿಂದ ನೇರವಾಗಿ ಹೊರಡುವ 12 ಜೊತೆ ನರಗಳಲ್ಲಿ ಐದು ಜೊತೆ, ಈ ಕೆಲಸಕ್ಕೆ ಕೈಜೋಡಿಸುತ್ತವೆ.

ಇಲ್ಲಿ ಮರೆಯಬಾರದ ಸಂಗತಿ ಒಂದಿದೆ. ಗಾಳಿಯ ಬಾಗಿಲನ್ನು ಮುಚ್ಚುವುದಕ್ಕೂ ಅನ್ನದ ಬಾಗಿಲನ್ನು ತೆರೆಯುವುದಕ್ಕೂ ಎಳೆಯುವ ಹಗ್ಗ ಒಂದೇ. ಗದ್ದದ ಕೆಳಗಿನ ಸ್ನಾಯುಗಳು ಸೋತರೆ ಎರಡೂ ಕೆಡುತ್ತವೆ. ಮುಚ್ಚಬೇಕಾದದ್ದು ಅರೆಬರೆ ಮುಚ್ಚುತ್ತದೆ, ತೆರೆಯಬೇಕಾದದ್ದು ಅರೆಬರೆ ತೆರೆಯುತ್ತದೆ, ತುತ್ತಿನ ಉಳಿಕೆ ಗಂಟಲಿನ ಮೂಲೆಗಳಲ್ಲಿ ನಿಂತು ಮುಂದಿನ ಉಸಿರಿನೊಂದಿಗೆ ಒಳಗೆ ಜಾರುತ್ತದೆ. ಊಟವಾದ ಮೇಲೆ ಮಾತನಾಡುವಾಗ ಗಂಟಲಲ್ಲಿ ನೀರು ತುಂಬಿಕೊಂಡಂತೆ ಧ್ವನಿ ಕೇಳಿಸಿದರೆ ಹೀಗೆ ಏನೋ ಅಲ್ಲಿ ನಿಂತಿದೆ ಎಂದು ಅನುಮಾನಿಸಬೇಕು.

ಈಗ ಮಿದುಳಿನ ಕಡೆಗೆ. ಬಲಗೈಯನ್ನು ಎಡ ಮಿದುಳು ಆಳುತ್ತದೆ, ಎಡಗೈಯನ್ನು ಬಲ ಮಿದುಳು. ಗಂಟಲಿನ ಲೆಕ್ಕವೇ ಬೇರೆ. ನುಂಗುವ ಕ್ರಿಯೆಗೆ ಎರಡೂ ಅರ್ಧಗಳಿಂದ ಆಜ್ಞೆ ಬರುತ್ತದೆ. ಆದರೆ ಸಮಸಮನಾಗಿ ಬರುವುದಿಲ್ಲ. ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಶಾಹೀನ್ ಹಮ್ದಿ ಮತ್ತು ಸಂಗಡಿಗರು 1990ರ ದಶಕದಲ್ಲಿ ತಲೆಯ ಹೊರಗಿನಿಂದ ಕಾಂತೀಯ ಮಿಡಿತಗಳನ್ನು ಕೊಟ್ಟು ಗಂಟಲಿನ ಸ್ನಾಯುಗಳ ಪ್ರತಿಕ್ರಿಯೆಯನ್ನು ಅಳೆದರು. ಒಬ್ಬೊಬ್ಬರಲ್ಲಿ ಒಂದೊಂದು ಅರ್ಧಕ್ಕೆ ಹೆಚ್ಚಿನ ಹಿಡಿತವಿತ್ತು. ಅದಕ್ಕೂ ಆ ವ್ಯಕ್ತಿ ಬಲಗೈಯವನೋ ಎಡಗೈಯವನೋ ಎಂಬುದಕ್ಕೂ ಸಂಬಂಧವಿರಲಿಲ್ಲ. ಒಂದೇ ನೊಗಕ್ಕೆ ಕಟ್ಟಿದ ಎರಡು ಎತ್ತುಗಳಲ್ಲಿ ಒಂದು ಹೆಚ್ಚು ಎಳೆಯುವಂತೆ. ಹೆಚ್ಚು ಎಳೆಯುವ ಎತ್ತೇ ಬಿದ್ದರೆ ಗಾಡಿ ನಿಲ್ಲುತ್ತದೆ, ಇನ್ನೊಂದು ಬಿದ್ದರೆ ಗಾಡಿ ಹೇಗೋ ಸಾಗುತ್ತದೆ. ಒಂದೇ ಗಾತ್ರದ ಪಾರ್ಶ್ವವಾಯು ಒಬ್ಬರ ಗಂಟಲನ್ನು ಕೆಡಿಸಿ ಇನ್ನೊಬ್ಬರದನ್ನು ಏಕೆ ಬಿಟ್ಟುಬಿಡುತ್ತದೆ ಎಂಬ ಹಳೆಯ ಒಗಟಿಗೆ ಇದರಿಂದ ಉತ್ತರ ಸಿಕ್ಕಿತು.

ಇದಕ್ಕಿಂತ ದೊಡ್ಡ ವಿಷಯವೊಂದು 1998ರ ಅವರ ಅಧ್ಯಯನದಲ್ಲಿ ಬಂದಿತು. ನುಂಗುವ ಶಕ್ತಿ ಮರಳಿ ಪಡೆದವರ ಮಿದುಳನ್ನು ವಾರಗಳ ಅಂತರದಲ್ಲಿ ಮತ್ತೆ ಮತ್ತೆ ಪರೀಕ್ಷಿಸಿದಾಗ, ಪೆಟ್ಟು ತಿಂದ ಭಾಗದಲ್ಲಿ ಹೇಳಿಕೊಳ್ಳುವ ಬದಲಾವಣೆ ಕಾಣಲಿಲ್ಲ. ಪೆಟ್ಟು ತಿನ್ನದ ಅರ್ಧದಲ್ಲಿ ಗಂಟಲಿಗೆ ಮೀಸಲಾದ ಪ್ರದೇಶ ಹಿಗ್ಗಿತ್ತು. ಹಿಂದೆ ಕೇವಲ ಜೊತೆಗಿದ್ದ ಎತ್ತು ಎಳೆಯುವುದನ್ನು ಕಲಿತಿತ್ತು. ಕೈಕಾಲಿನ ಬಲ ಮರಳದ ಎಷ್ಟೋ ಜನರಲ್ಲಿ ನುಂಗುವುದು ಮಾತ್ರ ಮರಳುವುದಕ್ಕೆ ಇದೇ ಮುಖ್ಯ ಕಾರಣ. ಹಲವರಿಗೆ ಮೊದಲ ಎರಡು ಮೂರು ವಾರಗಳಲ್ಲೇ ಸಾಕಷ್ಟು ಸುಧಾರಣೆಯಾಗುತ್ತದೆ. ಪಾರ್ಶ್ವವಾಯು ಮಿದುಳಿನ ಮೇಲ್ಭಾಗವನ್ನು ಬಿಟ್ಟು ಮಿದುಳುಕಾಂಡಕ್ಕೆ, ಅದರಲ್ಲೂ ನುಂಗುವಿಕೆಯ ತಾಳವನ್ನು ಹೆಣೆಯುವ ಮೆಡುಲ್ಲಾ ಭಾಗಕ್ಕೆ ಬಡಿದರೆ ಕಷ್ಟ ಹೆಚ್ಚು. ಅದು ನೊಗವೇ ಮುರಿದಂತೆ. ಅಂಥವರಿಗೆ ತಿಂಗಳುಗಳೇ ಬೇಕಾಗಬಹುದು.

ಎರಡನೆಯ ಎತ್ತಿಗೆ ಎಳೆಯುವುದನ್ನು ಕಲಿಸುವುದು ಹೇಗೆ? ಎಳೆಸಿಯೇ ಕಲಿಸಬೇಕು. ನುಂಗುವ ಚಿಕಿತ್ಸೆಯ ಜೀವ ಇರುವುದು ಇಲ್ಲಿ. ಬಾಯಿ ಅಗಲಿಸುವುದು, ಕೆನ್ನೆ ಉಬ್ಬಿಸುವುದು, ನಾಲಿಗೆ ಹೊರಚಾಚಿ ಆಡಿಸುವುದು ಇವೆಲ್ಲ ಮೊಬೈಲಿನ ವಿಡಿಯೋಗಳಲ್ಲಿ ಧಾರಾಳವಾಗಿ ಸಿಗುತ್ತವೆ. ತುಟಿಯಿಂದ ಜೊಲ್ಲು ಸೋರುವವರಿಗೆ, ಕೆನ್ನೆಯ ಸಂದಿಯಲ್ಲಿ ಅನ್ನ ಉಳಿಯುವವರಿಗೆ ಅವುಗಳಿಂದ ಉಪಯೋಗವುಂಟು. ಆದರೆ ನಾಲಿಗೆ ಆಡಿಸಿದ್ದರಿಂದ ನುಂಗುವುದು ತಾನಾಗಿ ಬರುವುದಿಲ್ಲ; ದಡದ ಮೇಲೆ ಕೈಕಾಲು ಬಡಿದು ಈಜು ಕಲಿತವರುಂಟೇ? ಆದ್ದರಿಂದ ತಜ್ಞರು ನುಂಗುವುದನ್ನೇ ವ್ಯಾಯಾಮವಾಗಿ ಬದಲಿಸುತ್ತಾರೆ, ಮೊದಲು ಬರಿಯ ಎಂಜಲಿನಲ್ಲಿ, ಆಮೇಲೆ ಚಮಚದ ಆಹಾರದಲ್ಲಿ.

ಈ ಕೆಲಸ ಯಾರದು ಎಂಬುದೇ ಹಲವರಿಗೆ ಗೊತ್ತಿಲ್ಲ. "ದೊಡ್ಡಪ್ಪ ಮಾತು ಆಡುತ್ತಾರಲ್ಲ, ಸ್ಪೀಚ್ ಥೆರಪಿಸ್ಟ್ ಯಾಕೆ?" ಎಂದು ನಾವೂ ಕೇಳಿದ್ದೆವು. ಮಾತಿಗೂ ನುಂಗುವುದಕ್ಕೂ ತುಟಿ, ನಾಲಿಗೆ, ಗಂಟಲು ಇವೇ ಅಂಗಗಳಾದ್ದರಿಂದ ವಾಕ್-ಭಾಷಾ ತಜ್ಞರೇ ನುಂಗುವಿಕೆಯನ್ನೂ ನೋಡುತ್ತಾರೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ದಶಕಗಳಿಂದ ಇಂಥ ತಜ್ಞರನ್ನು ತರಬೇತುಗೊಳಿಸುತ್ತ ಬಂದಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಪ್ರತ್ಯೇಕ ವಿಭಾಗವಿದೆ. ತಾಲ್ಲೂಕು ಊರುಗಳಲ್ಲಿ ಮಾತ್ರ ಇವರು ಸಿಗುವುದು ಅಪರೂಪ, ಇದು ನಿಜವಾದ ಕೊರತೆ.

ತಜ್ಞರು ಮೊದಲು ಮಾಡುವ ಕೆಲಸ ತಪ್ಪು ಎಲ್ಲಿದೆ ಎಂದು ಹುಡುಕುವುದು. ಪಾರ್ಶ್ವವಾಯುವಾದವರಿಗೆ ನುಂಗುವ ಪರೀಕ್ಷೆ ಆಗುವ ತನಕ ನೀರು, ಊಟ, ಮಾತ್ರೆ ಯಾವುದನ್ನೂ ಬಾಯಿಗೆ ಕೊಡಬಾರದು ಎಂಬುದು ಮೊದಲ ನಿಯಮ. ಆಮೇಲೆ ಚಮಚದಲ್ಲಿ ಸ್ವಲ್ಪ ಸ್ವಲ್ಪವೇ ಕೊಟ್ಟು ಕೆಮ್ಮು, ಧ್ವನಿ, ಉಸಿರನ್ನು ಗಮನಿಸುತ್ತಾರೆ. ಅನುಮಾನವಿದ್ದರೆ ಬೇರಿಯಂ ಬೆರೆಸಿದ ಆಹಾರವನ್ನು ನುಂಗಿಸುತ್ತ ಎಕ್ಸ್‌ರೇ ಚಲನಚಿತ್ರ ತೆಗೆಯುತ್ತಾರೆ, ಇಲ್ಲವೇ ಮೂಗಿನ ಮೂಲಕ ತೆಳುವಾದ ಕ್ಯಾಮೆರಾ ಇಳಿಸಿ ಗಂಟಲನ್ನು ಮೇಲಿನಿಂದ ನೋಡುತ್ತಾರೆ. ಎರಡನೆಯ ವಿಧಾನವನ್ನು ಅಮೆರಿಕದ ಸೂಸನ್ ಲ್ಯಾಂಗ್‌ಮೋರ್ ಮತ್ತು ಸಂಗಡಿಗರು 1988ರಲ್ಲಿ ಪರಿಚಯಿಸಿದರು. ಗಂಟಲಿಗೆ ಕಡ್ಡಿ ತಾಗಿಸಿ ಓಕರಿಕೆ ಬರುತ್ತದೆಯೇ ನೋಡುವುದು ಹಳೆಯ ರೂಢಿ. ಓಕರಿಕೆ ಬಾರದ ಆರೋಗ್ಯವಂತರು ಎಷ್ಟೋ ಜನ ಇದ್ದಾರೆ, ಓಕರಿಕೆ ಬಂದೂ ನೀರು ಒಳಸೋರುವ ರೋಗಿಗಳಿದ್ದಾರೆ. ಅದನ್ನು ನಂಬಿ ಊಟ ಶುರುಮಾಡುವಂತಿಲ್ಲ.

ಇಷ್ಟೆಲ್ಲ ಪರೀಕ್ಷೆ ಏಕೆಂದರೆ ಪ್ರತಿ ವ್ಯಾಯಾಮಕ್ಕೂ ಒಂದು ವಿಳಾಸವಿದೆ. ತಪ್ಪು ವಿಳಾಸಕ್ಕೆ ಕಳಿಸಿದರೆ ಕೆಲವು ಕಾಗದಗಳು ಸುಮ್ಮನೆ ವಾಪಸು ಬರುತ್ತವೆ, ಕೆಲವು ಹಾನಿಯನ್ನೇ ಮಾಡುತ್ತವೆ.

ಧ್ವನಿಪೆಟ್ಟಿಗೆ ಸಾಕಷ್ಟು ಮೇಲೇಳದೆ ಅನ್ನನಾಳದ ಬಾಯಿ ಸರಿಯಾಗಿ ತೆರೆಯದವರಿಗೆ ಹೆಸರುವಾಸಿಯಾದದ್ದು ತಲೆ ಎತ್ತುವ ವ್ಯಾಯಾಮ. ಅಮೆರಿಕದ ವಿಸ್ಕಾನ್ಸಿನ್‌ನ ವೈದ್ಯ ರೆಜಾ ಶೇಕರ್ 1997ರಲ್ಲಿ ಇದನ್ನು ಮುಂದಿಟ್ಟರು. ದಿಂಬಿಲ್ಲದೆ ಅಂಗಾತ ಮಲಗಿ, ಭುಜ ಎತ್ತದೆ, ತಲೆಯನ್ನು ಮಾತ್ರ ಎತ್ತಿ ಕಾಲ್ಬೆರಳುಗಳನ್ನು ನೋಡಬೇಕು. ಒಂದು ನಿಮಿಷ ಹಾಗೇ ಹಿಡಿದು ಒಂದು ನಿಮಿಷ ವಿಶ್ರಾಂತಿ, ಹೀಗೆ ಮೂರು ಸಲ. ನಂತರ ಹಿಡಿಯದೆ 30 ಬಾರಿ ಎತ್ತಿ ಇಳಿಸುವುದು. ದಿನಕ್ಕೆ ಮೂರು ಹೊತ್ತು, ಆರು ವಾರ. ಓದಲು ಸುಲಭ. ಆರೋಗ್ಯವಂತರಾದ ನೀವೇ ಒಂದು ನಿಮಿಷ ಮಾಡಿ ನೋಡಿ, ಕುತ್ತಿಗೆ ನಡುಗತೊಡಗುತ್ತದೆ. ಎಪ್ಪತ್ತು ದಾಟಿದ, ಒಂದು ಪಕ್ಕ ಬಿದ್ದುಹೋದ ಮನುಷ್ಯನಿಗೆ ಇದು ಸಣ್ಣ ಮಾತಲ್ಲ. ಕುತ್ತಿಗೆಯ ಮೂಳೆ ಸವೆದವರಿಗೆ, ಗಂಟಲಲ್ಲಿ ಉಸಿರಾಟದ ಕೊಳವೆ ಇರುವವರಿಗೆ, ಹಿಡಿತಕ್ಕೆ ಬಾರದ ರಕ್ತದೊತ್ತಡ ಇರುವವರಿಗೆ ಇದನ್ನು ಕೊಡುವುದಿಲ್ಲ.

ದೊಡ್ಡಪ್ಪನಿಗೆ ರಕ್ತದೊತ್ತಡದ ಕಾರಣದಿಂದಲೇ ತಜ್ಞೆ ಇದನ್ನು ಬಿಟ್ಟು ಚೆಂಡನ್ನು ಆರಿಸಿಕೊಂಡರು. 2014ರಲ್ಲಿ ಸಿಂಗಪುರದ ಸಂಶೋಧಕರು ಪ್ರಕಟಿಸಿದ ಉಪಾಯ ಅದು. ನೆಟ್ಟಗೆ ಕುಳಿತು, ಗದ್ದದ ಕೆಳಗೆ ಎದೆಗೆ ತಾಗುವಂತೆ 12 ಸೆಂಟಿಮೀಟರಿನಷ್ಟು ಅಡ್ಡಳತೆಯ ಮೆತ್ತನೆಯ ರಬ್ಬರ್ ಚೆಂಡು ಇಟ್ಟು, ಅದನ್ನು ಗದ್ದದಿಂದ ಒತ್ತಿ ಹಿಡಿಯುವುದು, ಮತ್ತೆ ಒತ್ತಿ ಬಿಡುವುದು. ಎಚ್ಚರಗೊಳ್ಳುವ ಸ್ನಾಯುಗಳು ಅವೇ, ದಣಿವು ಕಡಿಮೆ. ಮೊಮ್ಮಗನ ಚೆಂಡು ಮೂರು ತಿಂಗಳು ತಾತನ ಗದ್ದದ ಕೆಳಗೇ ಇದ್ದಿತು, ಅದಕ್ಕಾಗಿ ಮನೆಯಲ್ಲಿ ಜಗಳಗಳೂ ಆದವು.

ಜಿಗಿತ ಬರುತ್ತದೆ, ಆದರೆ ನಿಲ್ಲುವುದಿಲ್ಲ ಎನ್ನುವವರಿಗೆ ಮೆಂಡೆಲ್ಸನ್ ತಂತ್ರ. ಎಂಜಲು ನುಂಗುವಾಗ ಗಂಟು ಮೇಲೇರಿದ ಗಳಿಗೆಯಲ್ಲಿ ಅದನ್ನು ಅಲ್ಲೇ ತಡೆದು, ಮನಸ್ಸಿನಲ್ಲಿ ಎರಡೋ ಮೂರೋ ಎಣಿಸಿ ಬಿಡಬೇಕು. ತಡೆಯಬೇಕಾದದ್ದು ಒಳಗಿನ ಸ್ನಾಯುಗಳಿಂದ. ಬೆರಳು ಇರುವುದು ತಿಳಿದುಕೊಳ್ಳಲು ಮಾತ್ರ. ಗಂಟನ್ನು ಕೈಯಿಂದ ಹಿಡಿದು ಮೇಲೆತ್ತಿ ನಿಲ್ಲಿಸುವವರನ್ನು ನೋಡಿದ್ದೇನೆ, ಅದರಿಂದ ಏನೂ ಆಗದು. ಇದು ಕಲಿಯಲು ಕಷ್ಟವಾದ ವಿದ್ಯೆ. ಹೇಳಿದ್ದನ್ನು ಅರ್ಥಮಾಡಿಕೊಳ್ಳುವ ಶಕ್ತಿಗೇ ಪೆಟ್ಟು ಬಿದ್ದವರಿಗೆ ಇದನ್ನು ಕಲಿಸುವುದು ಬಹುಮಟ್ಟಿಗೆ ಆಗದ ಕೆಲಸ.

ನಾಲಿಗೆಯ ಬುಡದ ತಳ್ಳುವಿಕೆ ಸಾಲದೆ ಗಂಟಲಿನಲ್ಲಿ ಉಳಿಕೆ ನಿಲ್ಲುವವರಿಗೆ ಬಲ ಹಾಕಿ ನುಂಗುವ ಅಭ್ಯಾಸ. "ಜೋರಾಗಿ ನುಂಗಿ" ಎಂದರೆ ದೊಡ್ಡಪ್ಪನಿಗೆ ತಿಳಿಯಲಿಲ್ಲ. ತಜ್ಞೆ ಮಂಡ್ಯ ಕಡೆಯವರು. "ಅಜ್ಜಾ, ನಿಂಬೆಹಣ್ಣಿನ ಗಾತ್ರದ ಮುದ್ದೆಯ ತುತ್ತು ಬಾಯಲ್ಲಿದೆ, ಸಾರಿನಲ್ಲಿ ಅದ್ದಿದ್ದೀರಿ, ಈಗ ನುಂಗಿ ಎಂದುಕೊಳ್ಳಿ" ಎಂದರು. ಅಂದು ಗಂಟಲಿನ ಗಂಟು ಎದ್ದ ರೀತಿಯೇ ಬೇರೆ. ಮುದ್ದೆಯನ್ನು ಅಗಿಯದೆ ನುಂಗಿ ಬೆಳೆದ ಗಂಟಲಿಗೆ ಆ ಮಾತು ನೇರವಾಗಿ ಮುಟ್ಟಿತು.

ನಾಲಿಗೆಗೇ ಬಲ ಬೇಕಾದವರು ಅದನ್ನು ಅಂಗುಳಕ್ಕೆ ಒತ್ತಿ ಹಿಡಿಯುವ ಅಭ್ಯಾಸ ಮಾಡುತ್ತಾರೆ. ಗಾಳಿ ತುಂಬಿದ ಪುಟ್ಟ ಗುಳ್ಳೆಯನ್ನು ನಾಲಿಗೆಯಿಂದ ಒತ್ತಿಸಿ ಒತ್ತಡವನ್ನು ಅಳೆಯುವ ಸಾಧನಗಳೂ ಇವೆ. 2007ರಲ್ಲಿ ಅಮೆರಿಕದ ಜೋಆನ್ ರಾಬಿನ್ಸ್ ತಂಡ ಹತ್ತು ಪಾರ್ಶ್ವವಾಯು ರೋಗಿಗಳಿಗೆ ಎಂಟು ವಾರ ಹೀಗೆ ಮಾಡಿಸಿದಾಗ ನಾಲಿಗೆಯ ಬಲ ಹೆಚ್ಚಿ ನುಂಗುವಿಕೆಯೂ ಸುಧಾರಿಸಿತು. ಹತ್ತು ಜನರ ಅಧ್ಯಯನ ಚಿಕ್ಕದು ಎಂಬುದು ನೆನಪಿರಲಿ.

ಇನ್ನು ಎರಡು ತಂತ್ರಗಳು ಅಪಾಯದ ಗೆರೆಯ ಸಮೀಪ ನಿಲ್ಲುವಂಥವು. ಮಸಾಕೊ ಎಂಬುದರಲ್ಲಿ ನಾಲಿಗೆಯ ತುದಿಯನ್ನು ಹಲ್ಲುಗಳ ನಡುವೆ ಹಿಡಿದು ಎಂಜಲು ನುಂಗುತ್ತಾರೆ. ನಾಲಿಗೆ ಮುಂದೆಯೇ ಉಳಿಯುವುದರಿಂದ ಗಂಟಲಿನ ಹಿಂಗೋಡೆ ಹೆಚ್ಚು ಮುಂದೆ ಬಂದು ಕೆಲಸ ಮಾಡಬೇಕಾಗುತ್ತದೆ. ಆದರೆ ಆಹಾರ ಬಾಯಲ್ಲಿದ್ದಾಗ ಇದನ್ನು ಎಂದಿಗೂ ಮಾಡಬಾರದು. ಗಾಳಿಯ ದಾರಿ ಮುಚ್ಚಿರುವ ಹೊತ್ತು ಕಡಿಮೆಯಾಗಿ, ಗಂಟಲಿನ ಉಳಿಕೆ ಹೆಚ್ಚಾಗುತ್ತದೆ. ಇನ್ನೊಂದರಲ್ಲಿ ಉಸಿರನ್ನು ಬಿಗಿಹಿಡಿದು ನುಂಗಿ, ಉಸಿರೆಳೆಯುವ ಮೊದಲೇ ಕೆಮ್ಮಿ, ಮತ್ತೊಮ್ಮೆ ನುಂಗಬೇಕು. ಧ್ವನಿತಂತುಗಳು ತಡವಾಗಿ ಮುಚ್ಚುವವರಿಗೆ ಇದು ಒಳ್ಳೆಯ ಕಾವಲು. ಆದರೆ ಉಸಿರು ಬಿಗಿಹಿಡಿಯುವಾಗ ಹೃದಯದ ಲಯ ಏರುಪೇರಾಗುವುದು ಪಾರ್ಶ್ವವಾಯು ರೋಗಿಗಳಲ್ಲಿ ಕಂಡುಬಂದಿದೆ. ಪಾರ್ಶ್ವವಾಯುವೂ ಹೃದ್ರೋಗವೂ ಎಷ್ಟೋ ಸಲ ಒಂದೇ ಮನೆಯ ಅಣ್ಣತಮ್ಮಂದಿರು. ವೈದ್ಯರನ್ನು ಕೇಳದೆ ಇದನ್ನು ಮುಟ್ಟಬಾರದು.

ವ್ಯಾಯಾಮ ಫಲ ಕೊಡಲು ವಾರಗಳು ಬೇಕು. ಅಲ್ಲಿಯವರೆಗೆ ಹೊಟ್ಟೆ ಕಾಯುವುದಿಲ್ಲವಲ್ಲ. ಅದಕ್ಕೆ ಭಂಗಿಯ ಉಪಾಯಗಳಿವೆ. ಗದ್ದವನ್ನು ಎದೆಯ ಕಡೆಗೆ ಬಾಗಿಸಿ ನುಂಗಿದರೆ ಕೆಲವರಲ್ಲಿ ಗಾಳಿಯ ದಾರಿಗೆ ಮರೆ ಸಿಗುತ್ತದೆ. ಸೋತ ಪಕ್ಕಕ್ಕೆ ತಲೆ ತಿರುಗಿಸಿ ನುಂಗಿದರೆ ಆ ಕಡೆಯ ಗಂಟಲು ಮುಚ್ಚಿಕೊಂಡು ತುತ್ತು ಗಟ್ಟಿ ಪಕ್ಕದಿಂದ ಇಳಿಯುತ್ತದೆ. ಸೋತ ಪಕ್ಕದ ಕಡೆಗೆ ಏಕೆ ಎಂದು ಮೊದಲು ವಿಚಿತ್ರವೆನಿಸುತ್ತದೆ. ಒಡೆದ ಕಾಲುವೆಗೆ ಅಡ್ಡ ಹಲಗೆ ಹಾಕಿ ನೀರನ್ನು ಇನ್ನೊಂದಕ್ಕೆ ತಿರುಗಿಸಿದಂತೆ ಎಂದುಕೊಂಡರೆ ತಿಳಿಯುತ್ತದೆ. ಇವು ಊರುಗೋಲುಗಳು. ಊರಿಕೊಂಡಷ್ಟು ಹೊತ್ತು ನಡೆಸುತ್ತವೆ, ಕಾಲಿಗೆ ಬಲ ತುಂಬುವುದಿಲ್ಲ. ಚಿಕಿತ್ಸೆ ನಡೆಯುತ್ತಿದೆ ಎಂದು ತಿಂಗಳುಗಟ್ಟಲೆ ಬರಿಯ ಭಂಗಿಯಲ್ಲೇ ಉಳಿದುಬಿಡುವ ಮನೆಗಳಿವೆ. ಬಾಯಿಂದ ಸಾಕಷ್ಟು ಹೋಗದವರಿಗೆ ಮೂಗಿನ ನಳಿಕೆ, ಎಲ್ಲರ ಬಾಯಲ್ಲಿ ರೈಲ್ಸ್ ಟ್ಯೂಬ್, ಅನಿವಾರ್ಯ. ನಳಿಕೆ ಹಾಕಿದರೆಂದರೆ ಕತೆ ಮುಗಿಯಿತು ಎಂದು ಅಳುವವರೇ ಹೆಚ್ಚು. ನಳಿಕೆ ಇದ್ದಾಗಲೂ ತಜ್ಞರ ಮಾತಿನಂತೆ ಎಂಜಲು ನುಂಗುವ ಅಭ್ಯಾಸ ನಡೆಯಬೇಕು. ಬಳಸದ ಗಂಟಲು ಇನ್ನಷ್ಟು ಸೋಮಾರಿಯಾಗುತ್ತದೆ.

ಅಡುಗೆಮನೆಯ ವಿಚಾರಕ್ಕೆ ಬಂದರೆ, ನಮ್ಮವರ ಮೊದಲ ತಪ್ಪು ನೀರೇ ಎಲ್ಲಕ್ಕಿಂತ ಸುರಕ್ಷಿತ ಎಂದು ನಂಬುವುದು. ಸೋತ ಗಂಟಲಿಗೆ ನೀರು ಅತಿ ವೇಗದ ಶತ್ರು. ಬಾಗಿಲು ಮುಚ್ಚುವ ಮೊದಲೇ ಒಳಗಿರುತ್ತದೆ. ಸ್ವಲ್ಪ ಗಟ್ಟಿಯಾದದ್ದು ನಿಧಾನವಾಗಿ ಜಾರುವುದರಿಂದ ಗಂಟಲಿಗೆ ಸಮಯ ಸಿಗುತ್ತದೆ. ಆದರೆ ಬೇಕಾದದ್ದಕ್ಕಿಂತ ಗಟ್ಟಿಯಾದರೆ ಗಂಟಲಲ್ಲೇ ನಿಲ್ಲುತ್ತದೆ, ರುಚಿಯಿಲ್ಲವೆಂದು ರೋಗಿ ಕುಡಿಯುವುದನ್ನೇ ಬಿಟ್ಟು ಮೈಯ ನೀರು ಬತ್ತುತ್ತದೆ. ಎಷ್ಟು ಗಟ್ಟಿ ಎಂಬುದನ್ನು ಅಳೆಯಲು ಈಗ 0ಯಿಂದ 7ರವರೆಗಿನ ಅಂತರರಾಷ್ಟ್ರೀಯ ಮಟ್ಟಗಳಿವೆ. ದ್ರವಗಳಿಗೆ ಸರಳ ಪರೀಕ್ಷೆ: ನಿಗದಿತ ಉದ್ದದ 10 ಮಿಲಿಲೀಟರ್ ಸಿರಿಂಜಿಗೆ ತುಂಬಿ ಹತ್ತು ಸೆಕೆಂಡು ಕೆಳಗೆ ಹರಿಯಲು ಬಿಡುವುದು. ಒಂದು ಮಿಲಿಲೀಟರಿಗಿಂತ ಕಡಿಮೆ ಉಳಿದರೆ ಅದು ನೀರಿನಂತೆ ತೆಳು. ನಾಲ್ಕರಿಂದ ಎಂಟು ಉಳಿದರೆ ಎರಡನೆಯ ಮಟ್ಟ. ಒಂದು ಹನಿಯೂ ಇಳಿಯದಿದ್ದರೆ ನಾಲ್ಕನೆಯ ಮಟ್ಟ, ಚಮಚದಲ್ಲೇ ತಿನ್ನಬೇಕು. ರಾಗಿ ಅಂಬಲಿಯನ್ನು ಗಂಟಿಲ್ಲದಂತೆ ಕಾಸಿ ಹಿಟ್ಟನ್ನು ಹೆಚ್ಚು ಕಡಿಮೆ ಮಾಡಿದರೆ ಈ ಮಟ್ಟಗಳಲ್ಲಿ ಹಲವನ್ನು ಮುಟ್ಟಬಹುದು. ತಣಿದಂತೆ ಅದು ಗಟ್ಟಿಯಾಗುವುದರಿಂದ ಬಡಿಸುವ ಹೊತ್ತಿಗೆ ಅಳೆಯಬೇಕು.

ಕಷ್ಟವಾಗುವುದು ಎರಡು ಹದ ಕೂಡಿದ ಊಟ. ತೆಳ್ಳನೆಯ ಸಾರು ಸುರಿದ ಅನ್ನದಲ್ಲಿ ಅಗುಳು ಬಾಯಲ್ಲಿ ಅಗಿಯುತ್ತಿರುವಾಗಲೇ ಸಾರು ಗಂಟಲಿಗೆ ಓಡಿರುತ್ತದೆ. ಹಾಲಿನಲ್ಲಿ ನೆನೆಸಿದ ಅವಲಕ್ಕಿಗೂ ಇದೇ ದೋಷ. ಉದುರುದುರಾದ ಉಪ್ಪಿಟ್ಟು, ಮಂಡಕ್ಕಿ, ಚೂರುಚೂರಾಗುವ ಬಿಸ್ಕತ್ತು ಬಾಯಲ್ಲೆಲ್ಲ ಚೆಲ್ಲಾಡುತ್ತವೆ. ಚೆನ್ನಾಗಿ ಮಸೆದು ಮೊಸರಿನಲ್ಲಿ ಕಲಸಿದ ಮೆತ್ತನ್ನ ಇವಕ್ಕಿಂತ ಎಷ್ಟೋ ವಾಸಿ. ಮುದ್ದೆಯ ಬಗ್ಗೆ ದೊಡ್ಡಪ್ಪ ದಿನಾ ಕೇಳುತ್ತಿದ್ದರು. ಮೆತ್ತಗಿದ್ದರೂ ಅಂಟು, ಅಗಿಯದೆ ಇಡಿಯಾಗಿ ಇಳಿಸುವ ತುತ್ತು. ಅದು ಗಂಟಲಿನ ಪೂರ್ಣ ಶಕ್ತಿಯ ಪರೀಕ್ಷೆ, ಆದ್ದರಿಂದ ಕೊನೆಯ ಮೆಟ್ಟಿಲು. ಹುಳಿ ರುಚಿಗೆ ನುಂಗುವಿಕೆ ಬೇಗ ಶುರುವಾಗುತ್ತದೆ ಎಂಬುದು ನಿಂಬೆರಸ ಬೆರೆಸಿ ನಡೆಸಿದ ಅಧ್ಯಯನಗಳಲ್ಲಿ ಕಂಡಿದೆ. ಹಾಗೆಂದು ಉಪ್ಪಿನಕಾಯಿ ನೆಕ್ಕಿಸಲು ಹೊರಡಬೇಡಿ.

ಮಾತ್ರೆಗಳದ್ದೂ ಒಂದು ಸಮಸ್ಯೆ. ಎಲ್ಲ ಮಾತ್ರೆಗಳನ್ನೂ ಪುಡಿಮಾಡುವಂತಿಲ್ಲ, ನಿಧಾನವಾಗಿ ಕರಗುವಂತೆ ಮಾಡಿದವನ್ನು ಪುಡಿಮಾಡಿದರೆ ಇಡೀ ಔಷಧ ಒಮ್ಮೆಲೇ ರಕ್ತಕ್ಕೆ ಸೇರುತ್ತದೆ. ವೈದ್ಯರನ್ನು ಕೇಳಿ ಬದಲಿ ರೂಪ ಪಡೆಯುವುದು ಸರಿ.

ಇನ್ನು ಬಾಯಿ ತೊಳೆಯುವುದು. ವ್ಯಾಯಾಮಕ್ಕೆ ಕೊಟ್ಟ ಗಮನದಲ್ಲಿ ಕಾಲುಭಾಗವನ್ನೂ ಇದಕ್ಕೆ ಕೊಡುವುದಿಲ್ಲ ಎಂಬುದು ನನಗಿರುವ ತಕರಾರು. ಶ್ವಾಸಕೋಶಕ್ಕೆ ಸೋರುವುದು ಬರಿಯ ಆಹಾರವಲ್ಲ, ಎಂಜಲು. ಎಂಜಲಿನ ಜೊತೆ ಬಾಯಿಯ ಬ್ಯಾಕ್ಟೀರಿಯಾ. ಮೂಗಿನ ನಳಿಕೆ ಇದ್ದವರು ಬಾಯಿಂದ ತಿನ್ನುವುದಿಲ್ಲವೆಂದು ಹಲ್ಲುಜ್ಜುವುದನ್ನೇ ನಿಲ್ಲಿಸುತ್ತಾರೆ, ಹೆಚ್ಚು ಬೇಕಾದದ್ದು ಅವರಿಗೇ. ಜಪಾನಿನ 11 ವೃದ್ಧಾಶ್ರಮಗಳಲ್ಲಿ ಎರಡು ವರ್ಷ ನಡೆದ ಅಧ್ಯಯನವೊಂದರಲ್ಲಿ, ದಿನವೂ ಬಾಯಿ ಸ್ವಚ್ಛಮಾಡಿಸಿದ ವೃದ್ಧರಲ್ಲಿ ಶೇ 11 ಜನರಿಗೆ ನ್ಯುಮೋನಿಯಾ ಬಂದರೆ ಉಳಿದವರಲ್ಲಿ ಶೇ 19 ಜನರಿಗೆ ಬಂದಿತು. ಒಂದು ಬ್ರಷ್ಷು, ಒಂದು ಒದ್ದೆ ಬಟ್ಟೆ, ಹತ್ತು ನಿಮಿಷ ಸಾಕು. ಊಟದ ಹೊತ್ತಿಗೆ ನೆಟ್ಟಗೆ ಕೂರಿಸುವುದು, ಆಮೇಲೆ ಅರ್ಧ ಗಂಟೆಯಾದರೂ ಮಲಗಿಸದಿರುವುದು, ಟಿವಿ ಆರಿಸುವುದು, ಒಂದು ತುತ್ತು ಇಳಿದದ್ದು ಖಚಿತವಾದ ಮೇಲೆ ಮುಂದಿನದನ್ನು ಕೊಡುವುದು, ಇವೂ ಅಷ್ಟೇ ಅಗ್ಗದ ಔಷಧಗಳು.

ಇಷ್ಟೆಲ್ಲ ಮಾಡಿದ್ದಕ್ಕೆ ಫಲ ಎಷ್ಟು? 2006ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಪರ್ತ್ ನಗರದ ಪ್ರಯೋಗದಲ್ಲಿ 306 ರೋಗಿಗಳನ್ನು ಮೂರು ಗುಂಪು ಮಾಡಿ, ಒಂದಕ್ಕೆ ಎಂದಿನ ಆರೈಕೆ, ಒಂದಕ್ಕೆ ಮುಖ್ಯವಾಗಿ ಭಂಗಿ ಮತ್ತು ಆಹಾರದ ಬದಲಾವಣೆ, ಇನ್ನೊಂದಕ್ಕೆ ನುಂಗುವ ವ್ಯಾಯಾಮಗಳ ದಿನನಿತ್ಯದ ಪಾಠ ಕೊಟ್ಟರು. ಆರು ತಿಂಗಳ ಹೊತ್ತಿಗೆ ಮಾಮೂಲಿ ಊಟಕ್ಕೆ ಮರಳಿದವರು ಮೂರನೆಯ ಗುಂಪಿನಲ್ಲೇ ಹೆಚ್ಚು. 2018ರಲ್ಲಿ, ಚಿಕಿತ್ಸೆಗಳ ಪುರಾವೆಯನ್ನು ತೂಗಿ ನೋಡುವ ಕಾಕ್ರೇನ್ ಸಂಸ್ಥೆ 41 ಪ್ರಯೋಗಗಳನ್ನು, 2,660 ರೋಗಿಗಳನ್ನು ಒಟ್ಟುಗೂಡಿಸಿ ನೋಡಿತು. ನುಂಗುವ ಚಿಕಿತ್ಸೆಯಿಂದ ಸಾವು ಅಥವಾ ಪರಾವಲಂಬನೆ ಕಡಿಮೆಯಾದದ್ದು ಕಾಣಲಿಲ್ಲ. ಆಸ್ಪತ್ರೆಯ ವಾಸ, ನುಂಗುವ ತೊಂದರೆ ಮತ್ತು ಎದೆಯ ಸೋಂಕು ಕಡಿಮೆಯಾಗುವ ಸೂಚನೆಗಳು ಕಂಡವು. ಪುರಾವೆಯ ಗುಣಮಟ್ಟ ಇನ್ನೂ ಗಟ್ಟಿಯಾಗಬೇಕು ಎಂಬ ಮಾತೂ ಅದರಲ್ಲಿದೆ. ಕುತ್ತಿಗೆಗೆ ವಿದ್ಯುತ್ ಮಿಡಿತ ಕೊಡುವ ಯಂತ್ರಗಳನ್ನು ಈಗ ಜೋರಾಗಿ ಮಾರುತ್ತಿದ್ದಾರೆ. ಕೆಲವು ಅಧ್ಯಯನಗಳಲ್ಲಿ ವ್ಯಾಯಾಮದ ಜೊತೆಗೆ ಅವು ಸ್ವಲ್ಪ ಸಹಾಯ ಮಾಡಿವೆ. ರೋಗಿ ಸುಮ್ಮನೆ ಮಲಗಿರಲಿ, ಯಂತ್ರವೇ ನುಂಗಿಸುತ್ತದೆ ಎನ್ನುವವರನ್ನು ಮಾತ್ರ ನಾನು ನಂಬುವುದಿಲ್ಲ.

ದೊಡ್ಡಪ್ಪನಿಗೆ ಎರಡೂವರೆ ತಿಂಗಳಾಗಿತ್ತು. ನಳಿಕೆ ತೆಗೆದು, ಚಮಚದ ಅಂಬಲಿಯಿಂದ ಮೆತ್ತನ್ನಕ್ಕೆ ಬಂದಿದ್ದರು. ಒಂದು ಮಧ್ಯಾಹ್ನ ಗಟ್ಟಿ ಮಜ್ಜಿಗೆ ಮುಗಿದು, ದೊಡ್ಡಮ್ಮ ಮಾಮೂಲಿನದನ್ನೇ ಎರಡು ಚಮಚ ಕೊಟ್ಟುಬಿಟ್ಟರು. ದೊಡ್ಡಪ್ಪ ಕಣ್ಣಲ್ಲಿ ನೀರು ಬರುವಂತೆ ಕೆಮ್ಮಿದರು. ದೊಡ್ಡಮ್ಮ ಅಭ್ಯಾಸಬಲದಿಂದ ನೆತ್ತಿ ತಟ್ಟುತ್ತ, ಗಾಬರಿಯಲ್ಲಿ ತಜ್ಞೆಗೆ ಫೋನ್ ಮಾಡಿಸಿದರು. ಆ ಕಡೆಯಿಂದ ಬಂದದ್ದು ಸಂತೋಷದ ಧ್ವನಿ. "ಕೆಮ್ಮಿದರೇ? ತಾವಾಗಿಯೇ? ಒಳ್ಳೆಯ ಸುದ್ದಿ ಅಮ್ಮ. ಒಳಗಿನ ಕಾವಲು ಎದ್ದಿದೆ. ಇವತ್ತು ರಾತ್ರಿ ಜ್ವರ ಬರುತ್ತದೆಯೇ ನೋಡುತ್ತಿರಿ. ಮಜ್ಜಿಗೆ ಮಾತ್ರ ಇನ್ನೊಂದು ವಾರ ಗಟ್ಟಿಯಾಗಿಯೇ ಇರಲಿ."